ಗಾಜಿನಾಚೆ ಮೈಕ್ ಆನ್ ಇತ್ತು

"ಕತ್ತೆಗೆ ದೇವರು ಉದ್ದ ಕಿವಿ ಕೊಟ್ಟ, ಸ್ವರ ತಿಳಿಯೋ ಬುದ್ಧಿ ಕೊಡಲಿಲ್ಲ," ಎಂದಳು ಅವಳು.

ಗಿಟಾರಿನವನು ನಕ್ಕ. ಡ್ರಮ್ಸಿನವನೂ ನಕ್ಕ. ಮ್ಯೂಸಿಕ್ ಡೈರೆಕ್ಟರ್ ಕಾಫಿ ಕಪ್ಪಿನೊಳಗೆ ಮೂಗಿಟ್ಟು ನಕ್ಕರು. ಸ್ಟುಡಿಯೋದಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ 'ಕಿವಿ' ಎಂದು. ಏಟು ಯಾರಿಗೆ ಬಿತ್ತೆಂದು ಯಾರೂ ಕೇಳಬೇಕಾಗಿರಲಿಲ್ಲ.

ನಾನು ಮಾಡಿದ ತಪ್ಪು ಇಷ್ಟೇ. ಸಿನಿಮಾ ನಟಿಯಾದ ಅವಳು ಹಾಡುತ್ತಿದ್ದ ಪಾಪ್ ಆಲ್ಬಮ್ಮಿನ ಕೊನೆಯ ಹಾಡು, ಅದರ ಕೊನೆಯ ಸಾಲು: 'ಹೋಗಬೇಡ, ಇನ್ನೂ ಹೇಳಿಲ್ಲ.' ಅವಳು ಹಾಡಿದಾಗಲೆಲ್ಲ ರೆಕಾರ್ಡ್ ಮಾಡುವ ನಾನು "ಇನ್ನೊಂದ್ಸಲ, ಮೇಡಂ" ಎನ್ನುತ್ತಿದ್ದೆ. ಏನು ಕೊರತೆ ಎಂದು ಕೇಳಿದಳು. ಸ್ವರ ಸರಿ ಇದೆ, ಆದರೆ ಸಿನಿಮಾದಲ್ಲಿ ಅಳ್ತೀರಲ್ಲ, ಹಾಗಿದೆ ಎಂದೆ.

ಎಂಟನೇ ಕ್ಲಾಸು ದಾಟದವರೂ ತನಗೆ ಪಾಠ ಹೇಳುವ ಕಾಲ ಬಂತೆಂದು ಆ ಕತ್ತೆಯ ಮಾತಿಗೆ ಒಗ್ಗರಣೆಯನ್ನೂ ಹಾಕಿದಳು. ಹಾಕಿ, ಹಾಡುವ ಕೋಣೆಯ ಗಾಜಿನಾಚೆಯಿಂದ ನೋಡಿದಳು. ಬೈದವಳು ನೋಡುವ ನೋಟವಲ್ಲ ಅದು. ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತು, ಸಿಕ್ಕಿಬಿದ್ದಂತೆ ಜಾರಿ, ಹೆಡ್‌ಫೋನಿನ ವೈರು ಸುತ್ತುತ್ತಿದ್ದ ಅವಳದೇ ಬೆರಳಿಗೆ ಇಳಿಯಿತು. ನನ್ನ ಮೈಯೆಲ್ಲ ಉರಿಯಿತು. ಸಿಟ್ಟಿಗೋ ಇನ್ನೇತಕ್ಕೋ, ಇವತ್ತಿಗೂ ಬಗೆಹರಿದಿಲ್ಲ.

ಮರುದಿನ ಅಕ್ಕನ ಜೊತೆ ಬಂದಳು. ಅವಳ ಶೂಟಿಂಗ್ ಡೇಟು, ಬ್ಯಾಗು, ಬಿಸಿನೀರಿನ ಫ್ಲಾಸ್ಕು ಎಲ್ಲ ಅಕ್ಕನ ಕೈಯಲ್ಲೇ. ನಾನು ಮುಖ ಎತ್ತದೆ ರೆಕಾರ್ಡ್ ಒತ್ತಿದೆ. ಒಮ್ಮೆ ಒತ್ತಿದರೆ ಹಾಡುವವರು ಹೊರಬರುವ ತನಕ ನಿಲ್ಲಿಸುವುದಿಲ್ಲ, ಅದು ನಮ್ಮಲ್ಲಿಯ ರೂಢಿ. ಒಳ್ಳೆಯದು ಯಾವಾಗ ಬಾಯಿಗೆ ಬರುತ್ತದೋ ಹೇಳಲಾಗದು.

ಅಕ್ಕ ನೀರು ಕೊಡಲು ಒಳಗೆ ಹೋದಳು. ಅವಳು ಒಂದು ಗುಟುಕು ಕುಡಿದು ದನಿ ತಗ್ಗಿಸಿದಳು.

"ಅವನಿಗೆ ಬೈದಾಗಿಂದ ಊಟ ಸೇರ್ತಿಲ್ಲ ಕಣೇ ಅಕ್ಕಾ."

"ಮತ್ಯಾಕೆ ಬೈದೆ?"

"ಇನ್ನೊಂದ್ಸಲ ಅಂತಾನಲ್ಲ, ಅದನ್ನ ಕೇಳೋಕಂತಾನೇ ಬೇಕುಬೇಕಂತ ಕೆಡಿಸಿ ಹಾಡ್ತೀನಿ. ಗೊತ್ತಾಗೋಯ್ತೇನೋ ಅಂತ ಹೆದರಿಕೆ ಆಯ್ತು."

ಅಕ್ಕ ಹುಚ್ಚಿ ಎಂದು ತಲೆಗೆ ಮೊಟಕಿದಳು. ಆಮೇಲೆ ಅವಳು ಆ ಸಾಲು ಹಾಡಿದಳು. ಇನ್ನೊಂದ್ಸಲ ಎನ್ನಲು ಅದರಲ್ಲಿ ಏನೂ ಉಳಿದಿರಲಿಲ್ಲ.

ನಂಬೋಣವೆಂದರೆ ನಟಿ. ಆಲ್ಬಮ್ ಪೂರ್ತಿ ಇಲ್ಲೇ ಹಾಡಿದವಳಿಗೆ ಮೈಕ್ ನಿಲ್ಲುವುದಿಲ್ಲವೆಂದು ಗೊತ್ತಿರಲಿಲ್ಲವೇ? ನಂಬದಿರೋಣವೆಂದರೆ, ಹಾಗೆ ಉಸಿರು ತಡವರಿಸಿದ್ದನ್ನು ಅವಳ ಯಾವ ಸಿನಿಮಾದಲ್ಲೂ ನಾನು ಕೇಳಿಲ್ಲ. ಒಂದನ್ನೂ ಬಿಡದೆ ನೋಡಿದ್ದೇನೆ, ನಾಚಿಕೆ ಏನು ಬಂತು.

ಅಕ್ಕನಿಗೆ ಹೇಳಿದ ಮಾತು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತ್ತು. ಮ್ಯೂಸಿಕ್ ಡೈರೆಕ್ಟರ್ ತೊಡೆ ತಟ್ಟಿದರು. ಈ ಮಾತನ್ನೇ ಹಾಡಿನ ಮುಂದೆ ಇಡೋಣ, ಕೇಳಿದ ಪ್ರತಿಯೊಬ್ಬನೂ ತನಗೇ ಹೇಳಿದಳು ಅಂದುಕೊಳ್ಳುತ್ತಾನೆ ಎಂದರು. ಹೊರಬಂದ ಅವಳು ಅದನ್ನು ಕೇಳಿ ಕಿವಿಯ ತನಕ ಕೆಂಪಾದಳು. ಬೇಡ ಎನ್ನಲಿಲ್ಲ. ಸರಿ ಎನ್ನಲೂ ಇಲ್ಲ. ನೀನೇ ಹೇಳು ಎನ್ನುವಂತೆ ನನ್ನತ್ತ ನೋಡಿದಳು.

ಊರಿಗೆಲ್ಲ ಮಾರುವ ಮಾತಾದರೆ ನನಗೆ ಬೇಡ. ನನಗೇ ಹೇಳಿದ ಮಾತಾದರೆ ಊರಿಗೆ ಯಾಕೆ? ಆ ತುಂಡನ್ನು ಅಳಿಸಿಬಿಟ್ಟೆ. ಹಾಡು ಮಾತ್ರ ಉಳಿಯಿತು. ಡೈರೆಕ್ಟರ್ ಮೈಮೇಲೆ ಬಂದವರಂತೆ ಕೂಗಾಡಿದರು. ನಾನು ಬ್ಯಾಗು ಹೆಗಲಿಗೇರಿಸಿದೆ.

"ಯಾಕೆ ಅಳಿಸಿದೆ?" ಅವಳು ಹತ್ತಿರ ಬಂದಳು. "ಸುಳ್ಳು ಅನ್ನಿಸ್ತಾ?"

ಅನ್ನಿಸಿದ್ದೇನೆಂದು ನನಗೇ ಗೊತ್ತಿದ್ದರೆ ತಾನೆ.

"ಕಿವೀ," ಎಂದಳು. ಎಲ್ಲರೂ ನೋಡುತ್ತಿದ್ದರು. "ಇನ್ನೊಂದ್ಸಲ ಹೇಳಲಾ?"

ಹೂಂ ಎಂದರೆ ಅದೂ ಎಲ್ಲರೆದುರಿನ ಇನ್ನೊಂದು ಟೇಕ್ ಆಗುತ್ತಿತ್ತು. ಬೇಡ ಎನ್ನುವುದೂ ನನಗೆ ಬೇಕಿರಲಿಲ್ಲ. ಬಾಗಿಲು ತಳ್ಳಿ ಹೊರಬಂದೆ. ಸ್ಟುಡಿಯೋದ ಬಾಗಿಲು ದಪ್ಪದ್ದು, ಮುಚ್ಚಿತೆಂದರೆ ಒಳಗೆ ಯಾರು ಏನು ಹೇಳಿದರೂ ಹೊರಗೆ ಕೇಳಿಸುವುದಿಲ್ಲ. ತಿರುಗಿ ನೋಡದೆ ಮೆಟ್ಟಿಲಿಳಿದೆ.