ಹರಕೆ ಹೊತ್ತ ಎದೆ

ಇನ್‌ಸ್ಪೆಕ್ಟರ್ ತಮಿಳರಸಿ ಬಂದಾಗ ಟ್ರೆಡ್‌ಮಿಲ್ ನಿಂತಿತ್ತು. ಅದರ ಮೇಲೆ ಓಡುತ್ತಿದ್ದವನ ಹೃದಯವೂ ನಿಂತಿತ್ತು.

ಸತ್ತವನು ವೇದಸಂದೂರಿನ ಮಿಲ್ ಮಾಲೀಕ ಪಾಂಡಿಯರಾಜನ್. ಜಾಗ, ಚಿನ್ನಮನೂರಿನ ಡಾಕ್ಟರ್ ಕಾಮರಾಜ್ ಅವರ ಸಣ್ಣ ಕ್ಲಿನಿಕ್.

ಡಾಕ್ಟರ್ ಇಸಿಜಿ ಕಾಗದ ಚಾಚಿದರು. "ನೋಡಮ್ಮಾ, ಓಡುವಾಗ ಹೃದಯ ಗಟ್ಟಿಯಾಗೇ ಇತ್ತು. ಫೋನ್ ಬಂತು, ಹೊರಗೆ ಹೋದೆ. ಅಷ್ಟರಲ್ಲಿ ಈ ನರ್ಸ್ ವೇಗ ಏರಿಸಿದ್ದಾಳೆ. ಇವಳ ಗಂಡ ಸತ್ತದ್ದು ಅವನ ಮಿಲ್ಲಲ್ಲೇ."

ಗೋಡೆಗೊರಗಿದ್ದ ನರ್ಸ್ ಮುತ್ತುಲಕ್ಷ್ಮಿ ನಡುಗಿದಳು. "ಸುಳ್ಳಕ್ಕಾ! ನಾ ಒಳಗೇ ಇರ್ಲಿಲ್ಲ. ಎರಡು ಹೆಣ್ಮಕ್ಕಳು ನಂಗೆ. ನಾ ಜೈಲಿಗೋದ್ರೆ ಅವಕ್ಯಾರು?"

"ಅವನ ಮೇಲೆ ಸಿಟ್ಟಿರ್ಲಿಲ್ವಾ?"

"ಇತ್ತು. ಸಾಯ್ಲಿ ಅಂತ ದಿನಾ ಮಾರಿಯಮ್ಮನ್ನ ಕೇಳ್ದೆ. ಕೈಯಾರೆ ಏನೂ ಮಾಡ್ಲಿಲ್ಲ."

ಪೇದೆ ರಾಮರ್ ಪಿಸುಗುಟ್ಟಿದ. "ಒಪ್ಕೊಂಡಂಗೇ ಅಲ್ವಾ ಮೇಡಮ್?"

"ಅವಳು ಒಪ್ಪಿದ್ದು ಸಿಟ್ಟನ್ನ. ಬಾಯ್ಮುಚ್ಚು."

*

ತಮಿಳರಸಿ ಹೆಣದ ಮೇಲೆ ಬಗ್ಗಿದಳು. ಎದೆ ತುಂಬ ಕಂಬಳಿಯಂಥ ಕೂದಲು. ಇಸಿಜಿಯ ಅಂಟುಬಿಲ್ಲೆಗಳು ಅರ್ಧಂಬರ್ಧ ಜೋತಾಡುತ್ತಿದ್ದವು.

"ಬಿಲ್ಲೆ ಅಂಟಿಸೋ ಜಾಗ ಬೋಳಿಸಲ್ವಾ?"

"ನಾ ರೇಜರ್ ತಂದೆ ಅಕ್ಕಾ. ಆ ಮಿಲ್ ಮಾಲೀಕ ಕೈ ತಳ್ಳಿದ. ಪಳನಿ ಹರಕೆಯಂತೆ. ಅಲ್ಲಿ ಮುಡಿ ಕೊಡೋ ತನಕ ಮೈಗೆ ಕತ್ತಿ ಸೋಕಬಾರ್ದಂತೆ. 'ಹಂಗೇ ಅಂಟಿಸ್ತೀನಿ, ನೀ ಹೊರಗಿರು' ಅಂದ್ರು ಡಾಕ್ಟ್ರಯ್ಯ."

ತಮಿಳರಸಿ ಇಸಿಜಿಯನ್ನು ಬೆಳಕಿಗೆ ಹಿಡಿದಳು. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ ಪಾಠ ನೆನಪಾಯಿತು: ತಂತಿ ಸಡಿಲವಿದ್ದರೆ ಗೆರೆ ಕೆಡಲೇಬೇಕು. ಇಲ್ಲಿ ಓಡುವಾಗಿನ ಗೆರೆಗಳೂ ಮುದ್ರಿಸಿದ ರಂಗೋಲಿಯಷ್ಟು ಶುಭ್ರ.

*

"ಡಾಕ್ಟ್ರಯ್ಯಾ, ಅಂಗಿ ಬಿಚ್ಚಿ."

"ಇದೇನಮ್ಮಾ ಮರ್ಯಾದೆ?"

ರಾಮರ್ ಡಾಕ್ಟರ ಅಂಗಿಯ ಗುಂಡಿಗಳಿಗೆ ಕೈಹಾಕಿದ. ಎದೆಯ ನರೆತ ಕೂದಲ ನಡುವೆ ದುಂಡು ದುಂಡನೆಯ ಬೋಳು. ಹೊಸ ಕ್ಷೌರ.

"ಇದು ಪಾಂಡಿಯರಾಜನ್ ಇಸಿಜಿ ಅಲ್ಲ, ನಿಮ್ಮದು," ಎಂದಳು ತಮಿಳರಸಿ. "ಅವನ ಹೆಸರು ಹಾಕಿ, ಯಂತ್ರದ ಗಡಿಯಾರ ತಿದ್ದಿ, ಅವನು ಬರುವ ಮುಂಚೆ ನೀವೇ ಓಡಿದಿರಿ. ಗೆರೆ ಕೆಡಬಾರದೆಂದು ಎದೆ ಬೋಳಿಸಿಕೊಂಡಿರಿ. ಅಚ್ಚುಕಟ್ಟಿನ ಕೆಲಸ. ಅವನು ಬೋಳಿಸಲು ಬಿಡುವುದಿಲ್ಲ ಅಂತ ಮಾತ್ರ ನಿಮಗೆ ಗೊತ್ತಿರಲಿಲ್ಲ. ಯಾಕೆ ಕೊಂದಿರಿ?"

ಡಾಕ್ಟರ್ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

"ಕುಮಳಿ ಘಾಟಿಯಲ್ಲಿ ನನ್ನ ಮಗಳು ಯುವಶ್ರೀಯನ್ನು ಕಾರಿನಿಂದ ಗುದ್ದಿ ಕೊಂದವನು ಅವನೇ. ತಪ್ಪನ್ನು ಡ್ರೈವರನ ತಲೆಗೆ ಕಟ್ಟಿ, ಒಂದು ದಿನವೂ ಕೋರ್ಟಿಗೆ ಬರಲಿಲ್ಲ. ನಾನು ಯಾರೆಂದೇ ಅವನಿಗೆ ಗೊತ್ತಿರಲಿಲ್ಲ. ಹೋದ ವಾರ ತಾನಾಗಿ ಬಂದ. ಹೃದಯದ ಕವಾಟ ಬಿಗಿದುಹೋಗಿತ್ತು, ಸ್ಟೆತಸ್ಕೋಪಿಗೇ ಕೇಳಿಸಿತು. ಅಂಥವರನ್ನು ಓಡಿಸಲೇಬಾರದು. ಓಡಿಸಿದೆ. 'ನಿಲ್ಸಿ ಸಾಮಿ, ಎದೆ ಹಿಡೀತು' ಅಂದ. ಅವತ್ತು ಅವನ ಕಾರು ನಿಂತಿತ್ತಾ?"

ಮುತ್ತುಲಕ್ಷ್ಮಿ ಮೆಲ್ಲಗೆ ಮುಂದೆ ಬಂದಳು. ನಡುಕ ನಿಂತಿತ್ತು.

"ನಿಮ್ಗೂ ನಂಗೂ ಶತ್ರು ಅಂತ ಒಬ್ನೇ ಇದ್ದ, ಡಾಕ್ಟ್ರಯ್ಯಾ," ಎಂದಳು. "ಅವನು ಸತ್ತ. ಕೊಲೆ ನನ್ನ ತಲೆಗೆ ಕಟ್ಟೋಕೆ ನೋಡಿದ್ರಿ; ಇವತ್ತಿಂದ ನಂಗೆ ಶತ್ರು ನೀವು."