ಸೇನಾಪತಿಯ ಓರೆನೋಟ

"ನೇರ ನೋಡ್ಬೇಡ ಶರಣ್. ಎಡಗಣ್ಣಿನ ಅಂಚಿಂದ ನೋಡು, ಸಾಕು."

ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ವಾಸಂತಿ ತಾನೂ ಗೋಡೆಯ ಕಡೆ ತಿರುಗಿದ್ದಳು. ಇಂಗ್ಲೆಂಡಿನ ಸಾಲ್ಫರ್ಡ್‌ನ ಹಳೆಯ ಹತ್ತಿ ಗಿರಣಿಯ ನೆಲಮಾಳಿಗೆ. ಸತ್ತ ಶ್ರೀಮಂತನೊಬ್ಬನ ಸಂಗ್ರಹವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಟಿವಿ ಸ್ಟುಡಿಯೋಗಳಿರುವ ಮೀಡಿಯಾಸಿಟಿಯಿಂದ ಬಂದಿದ್ದ ಶರಣ್‌ಗೆ ಇಲ್ಲಿ ಮೊದಲ ದಿನ. ಜಪಾನಿನ ಸಮುರಾಯ್ ಸೇನಾಪತಿ ಇವಾಸೆಯ ಬದುಕಿನ ಸಾಕ್ಷ್ಯಚಿತ್ರಕ್ಕಾಗಿ ಅವನ ಕಬ್ಬಿಣದ ಮುಖವಾಡವನ್ನು ಸ್ಕ್ಯಾನ್ ಮಾಡಬೇಕಿತ್ತು.

"ಸ್ಕ್ಯಾನರ್‌ಗೆ ಓರೆಗಣ್ಣು ಬರಲ್ಲ ಅಕ್ಕಾ."

"ತಮಾಷೆ ಬೇಡ. ನಿನ್ನ ಹೆಂಡ್ತಿ ಮಧುರಾಗೆ ದಿನ ತುಂಬಿದೆ. ಮನೇಲಿ ಮಗು ಬರೋ ಹೊತ್ತು."

ತಗ್ಗಿದ ದನಿಯಲ್ಲಿ ಹೇಳಿದಳು. ಯುದ್ಧ ಮುಗಿದ ಮೇಲೆ ಶತ್ರುಗಳ ತಲೆಗಳನ್ನು ಹೆಂಗಸರು ತೊಳೆಯುತ್ತಿದ್ದರು. ಕೂದಲು ಬಾಚಿ, ಹೆಸರಿನ ಪಟ್ಟಿ ಕಟ್ಟಿ ಸೇನಾಪತಿಯ ಮುಂದೆ ಇಡುತ್ತಿದ್ದರು. ಸತ್ತವರ ದೃಷ್ಟಿ ತಾಗದಂತೆ ಇವಾಸೆ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ಮುಖ ತಿರುಗಿಸಿ, ಓರೆಯಾಗಿ ನೋಡುತ್ತಿದ್ದ. ಒಂದು ದಿನ ಬಂದ ತಲೆ ಎದುರಾಳಿಯ ಪಾಳಯ ಸೇರಿದ್ದ ಅವನ ಮಗನದು.

"ಅಪ್ಪ ಅಲ್ವಾ. ನೇರ ನೋಡಿಬಿಟ್ಟ."

ಮಗನ ತಾಯಿ ಆ ಕೂದಲಿನಿಂದಲೇ ಗಂಡನ ಮುಖವಾಡಕ್ಕೆ ಮೀಸೆ ಕಟ್ಟಿಸಿ ಮಾಟ ಮಾಡಿಸಿದಳು. ಆಮೇಲೆ ಸೇನಾಪತಿಗೆ ಬದುಕಿರುವವರ ಮುಖ ಕಾಣಲಿಲ್ಲ. ಯಾರನ್ನು ನೇರ ನೋಡಿದರೂ ಕಂಡದ್ದು ಬರೀ ಕಡಿದ ತಲೆ.

"ಗಂಡ ಹೆಂಡ್ತಿ ಜಗಳಕ್ಕೆ ನಾನ್ಯಾಕೆ ಹೆದರಲಿ?" ಎಂದು ಶರಣ್ ನಕ್ಕ. ಸ್ಟೂಲ್ ಎಳೆದುಕೊಂಡು ಮುಖವಾಡದ ಎದುರಿಗೇ ಕುಳಿತ. "ಬಾರಯ್ಯ ಇವಾಸೆ. ಯಾರು ಮೊದಲು ಕಣ್ಣು ಮಿಟುಕಿಸ್ತಾರೋ ನೋಡೋಣ."

ತಣ್ಣನೆಯ ಕಬ್ಬಿಣ. ಒದ್ದೆ ಇಟ್ಟಿಗೆಯ ವಾಸನೆ. ಅದರಡಿಯಲ್ಲಿ, ಎಲ್ಲಿಂದಲೋ, ಧೂಪ. ಕೊಳವೆಯಲ್ಲಿ ನೀರು ಗೊರಗೊರ ಎಂದು ನಿಂತಿತು. ಕಣ್ಣಿನ ತೂತುಗಳ ಕತ್ತಲಲ್ಲಿ ಏನೋ ತೇವವಾಗಿ ಹೊಳೆಯಿತು.

ಮಿಟುಕಿತು.

ಶರಣ್ ಬೆಚ್ಚಿ ವಾಸಂತಿಯತ್ತ ತಿರುಗಿದ. ಅವಳ ಹಣೆಗೆ ಅಂಟಿದ ಒದ್ದೆ ಕೂದಲು. ಅರೆಮುಚ್ಚಿದ ಕಣ್ಣು. ಕತ್ತಿನ ಕೆಳಗೆ ಏನೂ ಇಲ್ಲ. ಪಕ್ಕಕ್ಕೆ ಹೊರಳಿದ. ಕಣ್ಣಿನ ಅಂಚಿನಲ್ಲಿ ಅವಳು ಇಡಿಯಾಗಿ ನಿಂತಿದ್ದಳು.

"ನೋಡಿದ್ಯಾ?" ಎಂದಳು.

ಫೋನ್ ಬಡಿದುಕೊಂಡಿತು. ಮಧುರಾಳನ್ನು ಆಸ್ಪತ್ರೆಗೆ ಸೇರಿಸಿದ್ದರು.

ಟ್ರಾಮ್ ತುಂಬ ತಲೆಗಳು. ಅವನು ನೆಲ ನೋಡುತ್ತ ನಿಂತ. ಬೂಟುಗಳು. ಒದ್ದೆ ಕೊಡೆಗಳು. ಬೂಟುಗಳು. ಆಸ್ಪತ್ರೆಯ ಮೆಟ್ಟಿಲನ್ನೂ ತಲೆ ತಗ್ಗಿಸಿಯೇ ಹತ್ತಿದ. ಒಳಗೆ ಮಗು ಅಳುತ್ತಿತ್ತು.

ನರ್ಸ್ ಮಗುವನ್ನು ಒರೆಸಿದಳು. ಕೂದಲು ಸರಿಮಾಡಿದಳು. ಕಾಲಿಗೆ ಹೆಸರಿನ ಪಟ್ಟಿ ಕಟ್ಟಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ಮುಂದೆ ಹಿಡಿದಳು.

ಧೂಪದ ವಾಸನೆ ಬಂತು.

ಶರಣ್ ಮುಖ ತಿರುಗಿಸಿ ಎಡಗಣ್ಣಿನ ಅಂಚಿನಿಂದ ನೋಡಿದ. ಕೆಂಪು ಕೆನ್ನೆ. ಏರಿಳಿಯುವ ಎದೆ. ಬದುಕಿದೆ. ಅವನ ಬಲಗೈ ತಾನಾಗಿಯೇ ಎಡಸೊಂಟಕ್ಕೆ ಹೋಗಿ, ಅಲ್ಲಿಲ್ಲದ ಹಿಡಿಯೊಂದನ್ನು ಬಿಗಿಹಿಡಿದಿತ್ತು.

"ಕಳ್ಳನಂಗ ಯಾಕ ನೋಡ್ತೀಯೋ ತಮ್ಮಾ?" ಬಾಣಂತನಕ್ಕೆಂದು ಊರಿಂದ ಬಂದಿದ್ದ ಅವನ ಅವ್ವ ಗಂಗವ್ವ ನಕ್ಕಳು. "ನಿನ್ನ ಮಗಳೇ ಅದಾಳ."

"ರೀ, ಒಮ್ಮೆ ನೆಟ್ಟಗ ನೋಡ್ರಿ," ಮಧುರಾಳ ದನಿ ಸೋತಿತ್ತು. "ನಿಮ್ಮನ್ನ ಹುಡುಕ್ಲಿಕತ್ತಾಳ."

ಮಗು ಅಳು ನಿಲ್ಲಿಸಿ ಅವನತ್ತ ಕತ್ತು ಹೊರಳಿಸಿತು. ಅವನು ಇನ್ನಷ್ಟು ಪಕ್ಕಕ್ಕೆ ಸರಿದ. ಗೋಡೆ ನೋಡಿದ. ಕಿಟಕಿ ನೋಡಿದ. ಮಗು ಸಣ್ಣಗೆ, ಕರೆಯುವಂತೆ, ಒಂದು ಸದ್ದು ಮಾಡಿತು.

ಅಪ್ಪನಲ್ಲವೇ. ನೇರ ನೋಡಿಬಿಟ್ಟ.

ಬಿಳಿ ಬಟ್ಟೆಯೊಳಗೆ, ಕತ್ತಿನ ಕೆಳಗೆ, ಏನೂ ಇರಲಿಲ್ಲ.