ಚರಂಡಿ ನಕ್ಷೆಗಳ ನಡುವೆ

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ದೂರು ಬಂತು. ಕಾರ್ಖಾನೆಯ ಮೂರನೇ ಬಾಯ್ಲರ್ ಸಿಡಿದು ಆಪರೇಟರ್ ಸತ್ತು ಹನ್ನೆರಡು ದಿನವಾಗಿತ್ತು. ಈಗ ಆ ಬಾಯ್ಲರಿನ ತಪಾಸಣಾ ಕಡತವೇ ನಾಪತ್ತೆ. ದೂರು ತಂದವಳು ಸತ್ತವನ ಹೆಂಡತಿ.

"ವಾಲ್ವ್ ಕೆಟ್ಟಿದೆ ಅಂತ ನಮ್ಮನೆಯವರು ಬರೆದುಕೊಟ್ಟಿದ್ರು ಸಾರ್. ಆ ಕಾಗದ ಸಿಗದಿದ್ರೆ ತಪ್ಪೆಲ್ಲ ಅವರ ತಲೆಗೇ ಕಟ್ತಾರೆ."

ಒಂದು ವಾರದಿಂದ ನಿದ್ದೆಗೆಟ್ಟು ಹೈರಾಣಾಗಿದ್ದ ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಜೊತೆ ಹೊರಟರು.

ಕಾರ್ಖಾನೆಯ ಕಡತ ಕೊಠಡಿಯಲ್ಲಿ ಒಂಬತ್ತು ಸಾವಿರ ಕಡತಗಳು. ಯಾವುದು ಯಾವ ರ‍್ಯಾಕಿನಲ್ಲಿದೆ ಎಂದು ಗುಮಾಸ್ತರು ಇಪ್ಪತ್ತಾರು ವರ್ಷಗಳಿಂದ ಕಾರ್ಡುಗಳಲ್ಲಿ ಬರೆದಿಡುತ್ತಿದ್ದರು. ಬಾಯ್ಲರ್ ಡ್ರಾಯರಿನಲ್ಲಿ ಮೂರನೆಯದರ ಕಾರ್ಡೂ ಇರಲಿಲ್ಲ.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಮಾತ್ರ."

"ಕಡತ ಯಾರು ತಗೊಂಡ್ರು?"

"ಗೊತ್ತಿಲ್ಲ ಸಾರ್." ಹೇಳುತ್ತಲೇ ಅವರ ಕೈ ಪಕ್ಕದಲ್ಲಿ ಓರೆಯಾಗಿದ್ದ ಕಡತವೊಂದನ್ನು ನೇರ ಮಾಡಿತು.

ಈ ಮನುಷ್ಯ ಕಾಗದ ಸುಡುವವನಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಕೊಠಡಿಗೆ ಮೊಹರು ಹಾಕಿಸಿ, ಕಾರ್ಡುಗಳನ್ನೆಲ್ಲ ಒಂದೊಂದಾಗಿ ನೋಡಲು ಹೇಳಿದರು.

"ಎಲ್ಲಾನೂ? ಸಾರ್, ನನ್ನ ಪೆನ್ಷನ್ ಕಾಗದ ಇಲ್ಲಿಗೇ ಬರುತ್ತೆ ಬಿಡಿ," ಎಂದು ಹೆಡ್ ಕಾನ್‌ಸ್ಟೆಬಲ್ ಗೊಣಗಿ ಕುಳಿತ.

ಎರಡು ದಿನ ಧೂಳು ಕುಡಿದದ್ದೇ ಬಂತು. ಬುಧವಾರ ಸಂಜೆ 4.10ಕ್ಕೆ, ಯಾರೂ ಕೇಳದ ಚರಂಡಿ ನಕ್ಷೆಗಳ ಕಾರ್ಡುಗಳ ನಡುವೆ ಹೊಸ ಶಾಯಿಯ ಕಾರ್ಡೊಂದು ಸಿಕ್ಕಿತು. ಗುಮಾಸ್ತರ ದುಂಡನೆಯ ಅಕ್ಷರ: ಬಾಯ್ಲರ್ ಮೂರು, ತಪಾಸಣೆ. ರ‍್ಯಾಕ್ 41, ಕೆಳಸಾಲು.

ಕಡತ ಅಲ್ಲೇ ಇತ್ತು. ಪಂಚರ ಸಮಕ್ಷಮ ಪಂಚನಾಮೆಯಾಯಿತು. ಆಪರೇಟರನ ಕಾಗದದ ಕೆಳಗೆ 'ನಡೆಸಬಹುದು' ಎಂದು ಎಂಜಿನಿಯರ್ ಸಹಿ ಹಾಕಿದ್ದ. ಆ ಎಂಜಿನಿಯರ್ ಗುಮಾಸ್ತರ ಅಳಿಯ.

"ಬಚ್ಚಿಟ್ಟಿದ್ದೂ ನೀವೇ, ಎಲ್ಲಿದೆ ಅಂತ ಬರೆದಿಟ್ಟಿದ್ದೂ ನೀವೇ. ಯಾಕ್ರೀ?"

"ಮಗಳು ಕಾಲು ಹಿಡ್ಕೊಂಡು ಅತ್ತಳು. ಅಳಿಯ ಸುಟ್ಟುಬಿಡಿ ಅಂದ, ಆಗ್ಲಿಲ್ಲ. ಕಾರ್ಡ್ ಬರೀದೆ ಇಡೋಕೂ ಕೈ ಬರ್ಲಿಲ್ಲ."

ಸಂಜೆ 5.45ಕ್ಕೆ ಗುಮಾಸ್ತರ ಬಂಧನವಾಯಿತು. ಅಳಿಯನನ್ನು ಕರೆತರಲು ಇನ್ನೊಂದು ಜೀಪು ಹೋಗಿತ್ತು. ಸತ್ತವನ ಹೆಂಡತಿಗೆ ಇನ್‌ಸ್ಪೆಕ್ಟರ್ ತಾವೇ ಫೋನ್ ಮಾಡಿ ಕಾಗದ ಓದಿ ಹೇಳಿದರು. ಅವಳು ಇನ್ನೊಂದು ಸಲ ಓದಿಸಿಕೊಂಡಳು.

ಗುಮಾಸ್ತರು ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು.

"ನೀವೇ ಹುಡುಕಿದ್ರಿ ಅಂತ ಮಗಳಿಗೆ ಹೇಳಿ ಸಾರ್. ನಾನೇ ಬರೆದಿಟ್ಟಿದ್ದೆ ಅಂತ ಗೊತ್ತಾದ್ರೆ ಅವಳು ಇನ್ನು ನನ್ನ ಮುಖ ನೋಡಲ್ಲ."

ಕಾರ್ಡಿನ ವಿಷಯ ಪಂಚನಾಮೆಯ ಮೂರನೇ ಸಾಲಿನಲ್ಲೇ ಇತ್ತು. ಇನ್‌ಸ್ಪೆಕ್ಟರ್ ಆ ಹಾಳೆಯನ್ನು ಮಗುಚಿಟ್ಟರು. "ಆಯ್ತು," ಎಂದರು.